ಹೊಸ ಮ್ಯಾಪ್‌ನಲ್ಲಿ ಊರುಗಳು ಹತ್ತಿರ ಬಂದಿವೆ, ಎಂತ ಮಾಡುವುದು?

ಪ್ರಶ್ನೆ: ನಾವು ಉಡುಪಿಯ ಐದು ಜನ. ಎರಡೂವರೆ ವರ್ಷದಿಂದ ಭಾನುವಾರ ಭಾನುವಾರ ನಮ್ಮ ಮನೆಯ ಚಾವಡಿಯಲ್ಲಿ ಕೂತು ಒಂದೇ ಫ್ಯಾಂಟಸಿ ಕ್ಯಾಂಪೇನ್, ಅಂದರೆ ಪಾತ್ರ ವಹಿಸಿ ವಾರದಿಂದ ವಾರಕ್ಕೆ ಮುಂದುವರಿಸುವ ಕತೆಯಾಟ, ಆಡುತ್ತಿದ್ದೇವೆ. ಆಡಿಸುವವಳು ನಾನು. ನಿಯಮ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದ 2014ರ ಐದನೇ ಆವೃತ್ತಿಯದ್ದು. ಮೊನ್ನೆ ನಾವು ಆಡುವ ಕತೆಯ ಲೋಕದ ಪ್ರಕಾಶಕರು ಹೊಸ ಮ್ಯಾಪ್ ಪೂರಕ ತಂದರು. ಇಡೀ ದೇಶದ್ದು ಒಂದು ಪೋಸ್ಟರ್ ಮ್ಯಾಪ್, ಅಳತೆ 24ಕ್ಕೆ 36 ಇಂಚು. ಜೊತೆಗೆ ಕಾಳಗಕ್ಕೆ ಚೌಕ ಹಾಕಿದ ಬ್ಯಾಟಲ್ ಮ್ಯಾಪ್‌ಗಳು. ಪಿಡಿಎಫ್ ಕೊಂಡೆ. ಪೋಸ್ಟರನ್ನು ಎ2 ಕಾಗದದಲ್ಲಿ ಪ್ರಿಂಟ್ ತೆಗೆಸಿ ಲ್ಯಾಮಿನೇಶನ್ ಹಾಕಿಸಿದೆ. ಬಂದರು ಪಟ್ಟಣದಿಂದ ಬೆಟ್ಟದ ಕೋಟೆಗೆ ಸ್ಕೇಲ್ ಇಟ್ಟರೆ ಏಳೂವರೆ ಇಂಚು. ಮೂಲೆಯಲ್ಲಿ "1 ಇಂಚಿಗೆ 20 ಮೈಲಿ" ಎಂದಿದೆ. ಅಲ್ಲಿಗೆ 150 ಮೈಲಿ ಆಯಿತು. ಹಳೆ ಪುಸ್ತಕದಲ್ಲಿ ಇದೇ ದಾರಿ 240 ಮೈಲಿ, ನಾವು ಹತ್ತು ದಿನದ ಪ್ರಯಾಣ ಎಂದೇ ಆಡಿದ್ದು. ಸಾಲದ್ದಕ್ಕೆ ಪಟ್ಟಣದ ತೆಂಕು ಬದಿಯ ಹೊಳೆ ಈಗ ಬಡಗು ಬದಿಗೆ ಹೋಗಿದೆ. ಕೋಟೆಯ ಹೆಸರೂ ಬೇರೆ ಥರ ಬರೆದಿದ್ದಾರೆ. ಒಬ್ಬ ಗೆಳೆಯ "ಇನ್ನು ಇದೇ ಅಫೀಶಿಯಲ್, ಮೊದಲಿಂದ ಶುರು ಮಾಡುವ" ಅನ್ನುತ್ತಾನೆ. ಇನ್ನೊಬ್ಬಳು "ಇದೆಲ್ಲ ದುಡ್ಡು ಮಾಡುವ ಕೆಲಸ, ಹೊಸ ನಿಯಮದ ಪುಸ್ತಕ ಕೊಳ್ಳದಿದ್ದರೆ ಇದು ಉಪಯೋಗಕ್ಕೇ ಬರುವುದಿಲ್ಲ" ಅನ್ನುತ್ತಾಳೆ. ಮೂರನೆಯವ ಒಂದು ಬ್ಯಾಟಲ್ ಮ್ಯಾಪನ್ನು ವಾಟ್ಸಾಪ್‌ನಲ್ಲಿ ಅಂಗಡಿಗೆ ಕಳುಹಿಸಿ ಫ್ಲೆಕ್ಸ್ ಹಾಕಿಸಿದ, ಮಂಜು ಮಂಜಾಗಿ ಬಂತು. ಅದರಲ್ಲಿ ಚೌಕ ದೊಡ್ಡದು, ನಾನು ಎ4ರಲ್ಲಿ ತೆಗೆಸಿದ್ದರಲ್ಲಿ ಸಣ್ಣದು. ಎ2 ಮ್ಯಾಪ್ ಈ ಮಳೆಗೆ ಹಪ್ಪಳದ ಹಾಗೆ ಸುರುಳಿ ಸುತ್ತಿದೆ. ಮೂರು ಫೋಟೋ ಜೊತೆಗೆ ಇಟ್ಟಿದ್ದೇನೆ. ಹೆಸರು ಹಾಕಬೇಡಿ.

ಉತ್ತರ: ಫೋಟೋ ಕಳುಹಿಸಿದ್ದು ಒಳ್ಳೆಯದಾಯಿತು. ಅದಿಲ್ಲದಿದ್ದರೆ ನಾನೂ ನಿಮ್ಮ ಹಾಗೆಯೇ ಹೊಸ ಮ್ಯಾಪ್ ಬರೆದವರ ಮೇಲೆ ತಪ್ಪು ಹೊರಿಸುತ್ತಿದ್ದೆ.

ಎರಡನೇ ಫೋಟೋದಲ್ಲಿ ಮ್ಯಾಪಿನ ಮೂಲೆ ಕಾಣುತ್ತದೆ, ಪಕ್ಕದಲ್ಲಿ ನಿಮ್ಮ ಸ್ಟೀಲ್ ಸ್ಕೇಲ್ ಉಂಟು. "1 ಇಂಚಿಗೆ 20 ಮೈಲಿ" ಎಂಬ ಸಾಲಿನ ಕೆಳಗೆ ಕಪ್ಪು ಬಿಳಿ ಪಟ್ಟಿ ಇದೆ, ನೋಡಿ. ಅದರ ತುದಿಯಲ್ಲಿ 100 ಮೈಲಿ ಎಂದು ಬರೆದಿದೆ. ಇಂಚಿಗೆ 20 ಮೈಲಿ ಆದರೆ ಆ ಪಟ್ಟಿ ಐದು ಇಂಚು ಉದ್ದ ಇರಬೇಕು. ನಿಮ್ಮ ಸ್ಕೇಲಿನ ಪಕ್ಕ ಅದು ಮೂರು ಇಂಚು ದಾಟಿ ಚೂರೇ ಚೂರು ಮುಂದೆ ನಿಂತಿದೆ. ಊರುಗಳು ಹತ್ತಿರ ಬಂದಿಲ್ಲ ಮಾರಾಯ್ರೆ, ಕಾಗದ ಸಣ್ಣದಾಗಿದೆ.

ಆದದ್ದು ಇಷ್ಟು. ಪೋಸ್ಟರಿನ ಉದ್ದ 36 ಇಂಚು. ಎ2 ಕಾಗದದ ಉದ್ದ 23.4 ಇಂಚು ಮಾತ್ರ. ಅಂಗಡಿಯವರು ಅಂಚು ಬಿಟ್ಟು "ಫಿಟ್ ಟು ಪೇಜ್" ಒತ್ತಿದ್ದಾರೆ. ಚಿತ್ರ ಇಪ್ಪತ್ತೆರಡೂವರೆ ಇಂಚಿಗೆ ಇಳಿಯಿತು, ಅಂದರೆ ಮೂಲದ ಶೇ. 62.5. ಮೂಲದಲ್ಲಿ ಹನ್ನೆರಡು ಇಂಚು ಇದ್ದ ದಾರಿ ನಿಮ್ಮ ಕೈಯಲ್ಲಿ ಏಳೂವರೆ ಇಂಚು. ಹನ್ನೆರಡನ್ನು ಇಪ್ಪತ್ತರಿಂದ ಗುಣಿಸಿ, 240 ಬರುತ್ತದೆ. ನಿಮ್ಮ ಹಳೆ ಪುಸ್ತಕದ ಲೆಕ್ಕವೇ. ಅಂಗಡಿಯವರದ್ದೂ ತಪ್ಪಲ್ಲ, ಇಡೀ ಚಿತ್ರ ಕಾಗದದಲ್ಲಿ ಹಿಡಿಯಲಿ ಎಂದೇ ಎಲ್ಲರೂ ಕೇಳುವುದು.

ಇಪ್ಪತ್ತು ವರ್ಷಕ್ಕೂ ಜಾಸ್ತಿ ನಾನು ಮಂಗಳೂರಿನಲ್ಲಿ ಸರ್ವೆ ಡ್ರಾಯಿಂಗ್ ಕೆಲಸ ಮಾಡಿದವ. ಈಗ ಆಟಗಳಿಗೆ ಮ್ಯಾಪ್ ಬರೆಯುತ್ತೇನೆ, ಶನಿವಾರ ರಾತ್ರಿ ಆಡಿಸುತ್ತೇನೆ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಮೇಸ್ತ್ರಿ ಹೇಳಿಕೊಟ್ಟದ್ದು ಇದನ್ನೇ. ನಕ್ಷೆಯಲ್ಲಿ ಅಕ್ಷರದಲ್ಲಿ ಬರೆದ ಸ್ಕೇಲನ್ನು ನಂಬಬೇಡ, ಗೆರೆಯಲ್ಲಿ ಬರೆದದ್ದನ್ನು ನಂಬು. ಗೆರೆ ನಕ್ಷೆಯ ಜೊತೆಯೇ ಹಿಗ್ಗುತ್ತದೆ, ಕುಗ್ಗುತ್ತದೆ. "1 ಇಂಚಿಗೆ 20" ಎಂಬ ಅಕ್ಷರಕ್ಕೆ ಕಾಗದ ಸಣ್ಣದಾದದ್ದು ಗೊತ್ತಾಗುವುದಿಲ್ಲ. ಜೆರಾಕ್ಸ್ ಮಾಡಿದ ಸೈಟ್ ಪ್ಲಾನ್ ಹಿಡಿದುಕೊಂಡು ಬೇಲಿ ಜಗಳಕ್ಕೆ ಬಂದವರನ್ನು ಎಷ್ಟೋ ನೋಡಿದ್ದೇನೆ. ಕಾರಣ ಇದೇ.

ಹಾಗಂತ ನಿಮ್ಮ ಸಂಶಯ ಹುಚ್ಚು ಸಂಶಯವಲ್ಲ. ಆಟದ ಲೋಕಗಳು ನಿಜವಾಗಿಯೂ ಕುಗ್ಗಿದ್ದುಂಟು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರು ತುಂಬ ಬಳಸುವ ಫೇರೂನ್ ಖಂಡವನ್ನು 2001ರ ಮೂರನೇ ಆವೃತ್ತಿಯಲ್ಲಿ ಒತ್ತಿ ಸಣ್ಣದು ಮಾಡಿದರು. ನಡುವೆ ಏನೂ ಇಲ್ಲದ ಖಾಲಿ ಜಾಗ ಜಾಸ್ತಿ ಆಯಿತು ಎಂಬ ಲೆಕ್ಕ. ಅದರ ಬಗ್ಗೆ ಅಭಿಮಾನಿಗಳ ಜಗಳ ಇವತ್ತಿಗೂ ಪೂರ್ತಿ ಮುಗಿದಿಲ್ಲ. ನಮ್ಮ ನಿಜವಾದ ನೆಲವೂ ಒಮ್ಮೆ ಕುಗ್ಗಿದೆ. 1802ರಲ್ಲಿ ಮದರಾಸಿನ ಹತ್ತಿರ ಸರಪಳಿ ಎಳೆದು ಅಳತೆ ಶುರು ಮಾಡಿದ ವಿಲಿಯಂ ಲ್ಯಾಂಬ್ಟನ್ ನಮ್ಮ ಪಶ್ಚಿಮ ಕರಾವಳಿಯವರೆಗೆ ತ್ರಿಕೋನಗಳನ್ನು ಜೋಡಿಸಿಕೊಂಡು ಬಂದ. ಅಲ್ಲಿಯವರೆಗೆ ಆ ಕಡಲಿನಿಂದ ಈ ಕಡಲಿಗೆ 400 ಮೈಲಿ ಎಂದುಕೊಂಡಿದ್ದರು. ಅಳೆದಾಗ ಸಿಕ್ಕಿದ್ದು 360. ನಲವತ್ತು ಮೈಲಿ ಕಾಗದದಿಂದ ಮಾಯ. ನಡೆದು ಹೋಗುವವನಿಗೆ ಮಾತ್ರ ಒಂದು ಹೆಜ್ಜೆಯೂ ಕಡಿಮೆ ಆಗಲಿಲ್ಲ.

ಈಗ ನಿಮ್ಮ ಮೇಜಿನ ಜಗಳಕ್ಕೆ ಬರುವ.

"ಅಫೀಶಿಯಲ್ ಬಂತು, ಮೊದಲಿಂದ ಶುರು ಮಾಡುವ" ಎಂಬ ಮಾತು ಅರ್ಧ ಪ್ರೀತಿಯಿಂದ ಬರುತ್ತದೆ. ಆ ಗೆಳೆಯನಿಗೆ ಲೋಕ ಅಚ್ಚುಕಟ್ಟಾಗಿ ಇರಬೇಕು ಅಂತ ಆಸೆ. ಆದರೆ ನೀವು ಕರಾವಳಿಯವರು, ತಾಳಮದ್ದಳೆ ನೋಡಿದವರು. ಪ್ರಸಂಗದ ಪುಸ್ತಕದಲ್ಲಿ ಪದ್ಯ ಇರುತ್ತದೆ, ಅರ್ಥ ಅಲ್ಲೇ ಕೂತಲ್ಲೇ ಹುಟ್ಟುತ್ತದೆ. ಹೊಸ ಮುದ್ರಣದಲ್ಲಿ ಒಂದು ಪದ್ಯ ಬದಲಾಯಿತು ಅಂತ ಕಳೆದ ವರ್ಷದ ಕೂಟವನ್ನು ಯಾರೂ ರದ್ದು ಮಾಡುವುದಿಲ್ಲ, ಅಲ್ವಾ? ನಿಮ್ಮ ಎರಡೂವರೆ ವರ್ಷದ ಕತೆಗೆ ಪ್ರಕಾಶಕರು ಪದ್ಯ ಕೊಟ್ಟವರು, ಅಷ್ಟೇ.

ಹೊಸ ನಿಯಮದ ಪುಸ್ತಕ ಬೇಕು ಎಂಬುದು ಪೂರ್ತಿ ತಪ್ಪು ಕಲ್ಪನೆ. ಬ್ಯಾಟಲ್ ಮ್ಯಾಪಿನ ಒಂದು ಚೌಕ 2014ರ ನಿಯಮದಲ್ಲೂ ಐದು ಅಡಿ, 2024ರ ಹೊಸ ನಿಯಮದಲ್ಲೂ ಐದು ಅಡಿ. ಸಾಧಾರಣ ನಡಿಗೆಗೆ ದಿನಕ್ಕೆ 24 ಮೈಲಿ ಅಲ್ಲೂ ಇಲ್ಲೂ ಒಂದೇ. ಸುಮ್ನೆ ಹೆದರಿ ಖರ್ಚು ಮಾಡಬೇಡಿ.

ದುಡ್ಡು ಮಾಡುವ ಕೆಲಸ ಹೌದಾ? ಹೌದು, ಮತ್ತೆ ಹೊಟ್ಟೆಗೆ? 2023ರ ಜನವರಿಯಲ್ಲಿ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಕಂಪನಿಯವರು ಐದನೇ ಆವೃತ್ತಿಯ ಮೂಲ ನಿಯಮಗಳನ್ನು ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟರು. ನಿಯಮ ಯಾರು ಬೇಕಾದರೂ ಬಳಸಬಹುದಾದ ಮೇಲೆ ಸಣ್ಣ ಪ್ರಕಾಶಕರ ಕೈಯಲ್ಲಿ ಮಾರಲು ಉಳಿದದ್ದು ಲೋಕ, ಕತೆ, ಚಿತ್ರ, ಮ್ಯಾಪು. ಒಂದು ಪೋಸ್ಟರ್ ಮ್ಯಾಪಿಗೆ ನನಗೆ ಆರು ವಾರ ಹಿಡಿಯುತ್ತದೆ. ಅದರಲ್ಲಿ ಎರಡು ವಾರ ಬರೀ ಹೆಸರುಗಳನ್ನು ಹೊಳೆಯ ಮೇಲೆ ಬೀಳದ ಹಾಗೆ ಕೂರಿಸುವುದಕ್ಕೆ.

ಹೆಸರಿನ ವಿಷಯಕ್ಕೆ ನಿಮ್ಮ ಊರಿನವರು ತಲೆ ಕೆಡಿಸಿಕೊಳ್ಳುವುದು ನನಗೆ ತಮಾಷೆ. ಮಂಗಳೂರಿಗೆ ತುಳುವಿನಲ್ಲಿ ಕುಡ್ಲ, ಕೊಂಕಣಿಯಲ್ಲಿ ಕೊಡಿಯಾಲ, ಬ್ಯಾರಿಯಲ್ಲಿ ಮೈಕಾಲ. ಒಂದೇ ಬಸ್ ಸ್ಟ್ಯಾಂಡಿನಲ್ಲಿ ನಿಂತ ಮೂವರು ಒಂದೇ ಊರನ್ನು ಮೂರು ಹೆಸರಿನಿಂದ ಕರೆಯುತ್ತಾರೆ. ನಿಮ್ಮ ಕೋಟೆಗೆ ಎರಡು ಹೆಸರು ಇರಲಿ. ಹಳೆಯದು ಕೋಟೆಯ ಒಳಗಿನವರು ಕರೆಯುವುದು, ಹೊಸದು ಬಂದರಿನ ವ್ಯಾಪಾರಿಗಳು ಕರೆಯುವುದು. ಪಾತ್ರಧಾರಿಗಳು ಕೋಟೆ ಬಾಗಿಲಲ್ಲಿ ತಪ್ಪು ಹೆಸರು ಹೇಳಿದರೆ ಕಾವಲುಗಾರನ ಮುಖ ಹೇಗಾಗುತ್ತದೆ ಎಂದು ಯೋಚಿಸಿ. ಒಂದು ಭಾನುವಾರಕ್ಕೆ ಅದು ಸಾಕು.

ಹೊಳೆ ಮಾತ್ರ ನಿಜವಾದ ಸಮಸ್ಯೆ. ಪ್ರಿಂಟಿನಿಂದ ಆದದ್ದಲ್ಲ, ಬರೆದವರೇ ಬದಲಾಯಿಸಿದ್ದು. ಇದು ಯಾಕೆ ದೊಡ್ಡದು ಅಂದರೆ, ಆಟದಲ್ಲಿ ಜನ ಮೈಲಿ ನೆನಪಿಡುವುದಿಲ್ಲ, ಅಡ್ಡಿ ನೆನಪಿಡುತ್ತಾರೆ. ಮಂಗಳೂರಿನ ಸುಲ್ತಾನ್ ಬತ್ತೇರಿಯಲ್ಲಿ ನಿಂತು ನೋಡಿ. ಎದುರಿಗೆ ಹೊಳೆಯಾಚೆ ತಣ್ಣೀರುಬಾವಿಯ ಮರಗಳು ಕೈಗೆ ಸಿಗುವ ಹಾಗೆ ಕಾಣುತ್ತವೆ. ದೋಣಿ ಇದ್ದರೆ ಕೆಲವೇ ನಿಮಿಷ. ದೋಣಿ ನಿಲ್ಲಿಸಿದ ದಿನ ಕೂಳೂರು ಸೇತುವೆ ಸುತ್ತಿ ಹತ್ತು ಕಿಲೋಮೀಟರಿಗಿಂತ ಜಾಸ್ತಿ ಹೋಗಬೇಕು. ಮ್ಯಾಪಿನಲ್ಲಿ ಎರಡೂ ದಿನ ಅಂತರ ಒಂದೇ. ಶಿರಾಡಿ ಘಾಟಿ ಬಂದ್ ಆದ ದಿನ ಬೆಂಗಳೂರು ಎಷ್ಟು ದೂರ ಹೋಗುತ್ತದೆ ಎಂದು ಬಸ್ಸಿನಲ್ಲಿ ಕೂತವರನ್ನು ಕೇಳಿ. ಹಾಗಾಗಿ ನಿಮ್ಮ ಪಟ್ಟಣದ ಹೊಳೆ ಯಾವ ಬದಿ ಎಂಬುದು ಬರೀ ಬಣ್ಣದ ಪ್ರಶ್ನೆಯಲ್ಲ. ತೆಂಕಿನಿಂದ ಬಂದ ಸೈನ್ಯಕ್ಕೆ ಅದು ಪಟ್ಟಣದ ಕಂದಕ. ಬಡಗಿಗೆ ಹೋದರೆ ಪಟ್ಟಣದ ತೆಂಕು ಬಾಗಿಲು ಬಯಲಿಗೆ ತೆರೆದಿರುತ್ತದೆ.

ನೀವು ಹಳೆ ಹೊಳೆಯನ್ನೇ ಇಟ್ಟುಕೊಳ್ಳಬಹುದು. ಹೊಸ ಮ್ಯಾಪಿನ ಮೇಲೆ ಮಾರ್ಕರಿನಲ್ಲಿ ಗೆರೆ ಎಳೆದು ಮುಗಿಸಬಹುದು. ನಷ್ಟ ಏನೆಂದರೆ, ಮುಂದೆ ಇದೇ ಪ್ರಕಾಶಕರ ಕತೆ ಕೊಂಡಾಗಲೆಲ್ಲ ತಿರುವಿ ಓದಬೇಕು. ಆಟದ ಮಧ್ಯೆ ಒಮ್ಮೆ ಮರೆತು "ಬಡಗಿನ ಸೇತುವೆ" ಎಂದು ಬಾಯಿಂದ ಬಂದೇ ಬರುತ್ತದೆ. ಅಥವಾ ಮುಂದಿನ ವಾರದಿಂದ ಹೊಸ ಹೊಳೆ ಎಂದು ಘೋಷಿಸಬಹುದು. ಇದು ಸುಲಭ, ಆದರೆ ನನಗೆ ಇದರಲ್ಲಿ ಪೆಟ್ಟು ಬಿದ್ದಿದೆ. ನಮ್ಮ ಗುಂಪಿನಲ್ಲಿ ಒಬ್ಬಾಕೆ ನೋಟ್‌ಬುಕ್ ಇಡುತ್ತಿದ್ದಳು. ನಾನು ಒಂದು ಕಾಡನ್ನು ಸದ್ದಿಲ್ಲದೆ ಪಶ್ಚಿಮಕ್ಕೆ ಸರಿಸಿದೆ. ಆಕೆ ಎರಡು ಪುಟ ಹಿಂದೆ ತಿರುಗಿಸಿ, "ನನ್ನ ಕುದುರೆ ಸತ್ತದ್ದು ಆ ಕಾಡಿನಲ್ಲಿ. ಈಗ ಅಲ್ಲಿ ಎಂತ ಉಂಟು?" ಎಂದು ಕೇಳಿದಳು. ಉತ್ತರ ಇರಲಿಲ್ಲ. ಎರಡು ವಾರ ಆಕೆ ಆಟಕ್ಕೆ ಬರಲಿಲ್ಲ.

ಹೊಳೆಯೇ ದಾರಿ ಬದಲಿಸಿತು ಎಂದೂ ಮಾಡಬಹುದು. ನಮ್ಮಲ್ಲಿ ಇದು ಹೊಸದಲ್ಲ. ಕೋಡಿ ಬೆಂಗ್ರೆಯಲ್ಲಿ ಸೀತಾ, ಸುವರ್ಣಾ ನದಿಗಳು ಕಡಲು ಸೇರುವ ಅಳಿವೆಯ ಮರಳು ದಿಣ್ಣೆ ಮಳೆಗಾಲದಿಂದ ಮಳೆಗಾಲಕ್ಕೆ ಆಕಾರ ಬದಲಿಸುತ್ತದೆ ಎಂದು ಮೀನುಗಾರರನ್ನು ಕೇಳಿದರೆ ಹೇಳುತ್ತಾರೆ. ಆದರೆ ಪಟ್ಟಣದ ಒಂದು ಬದಿಯಿಂದ ಇನ್ನೊಂದು ಬದಿಗೆ ಹೊಳೆ ಹಾರುವಷ್ಟು ನೆರೆ ಬಂದರೆ ಪಟ್ಟಣ ಉಳಿಯುವುದಿಲ್ಲ. ಸ್ಪೆಲ್ಲಿಂಗ್ ತಿದ್ದಲು ಮನೆ ಕೆಡವಿದ ಹಾಗೆ. ನಿಮ್ಮ ಕತೆಗೆ ಪ್ರಳಯ ಬೇಕಿದ್ದರೆ ಮಾತ್ರ ಮಾಡಿ.

ನನಗೆ ಇಷ್ಟವಾಗುವುದು ಬೇರೆ. ಎರಡು ಮ್ಯಾಪೂ ಆ ಲೋಕದೊಳಗೆ ಇರಲಿ. ಎರಡನ್ನೂ ಆ ಲೋಕದ ಯಾರೋ ಬರೆದದ್ದು. ಹೊಸದನ್ನು ಬರೆದವನು ಪಟ್ಟಣಕ್ಕೆ ಕಾಲಿಡದೆ ಹಡಗಿನಲ್ಲೇ ಕೂತು ಯಾರೋ ಹೇಳಿದ್ದನ್ನು ಬರೆದ. ಅಥವಾ ಶತ್ರು ಸೈನ್ಯ ದಾರಿ ತಪ್ಪಲಿ ಎಂದು ಬೇಕೆಂದೇ ತಪ್ಪು ಬರೆಸಿದರು. ನಿಮ್ಮ ಪಾತ್ರಧಾರಿಗಳು ಆ ಹೊಳೆ ದಾಟಿದವರು, ಅವರಿಗೆ ಸತ್ಯ ಗೊತ್ತು. ಆ ಮ್ಯಾಪ್ ನಂಬಿ ಬರುತ್ತಿರುವ ಇನ್ನೊಬ್ಬರಿಗೆ ಗೊತ್ತಿಲ್ಲ. ಇದರಲ್ಲೂ ಒಂದು ಅಪಾಯ ಉಂಟು. ಆಟಗಾರರು ಆಟದೊಳಗೆ ತಮ್ಮ ಚಿನ್ನ ಕೊಟ್ಟು ಕೊಂಡ ಮ್ಯಾಪೇ ಸುಳ್ಳು ಎಂದು ಆಮೇಲೆ ಹೇಳಿದರೆ ಅವರಿಗೆ ಮೋಸ ಹೋದ ಹಾಗೆ ಆಗುತ್ತದೆ. ಮತ್ತೆ ಯಾವ ಮ್ಯಾಪನ್ನೂ ನಂಬುವುದಿಲ್ಲ, ಪ್ರತಿ ತಿರುವಿನಲ್ಲೂ ನಿಂತು ನಿಮ್ಮ ಮುಖ ನೋಡುತ್ತಾರೆ. ಸುಳ್ಳನ್ನು ಅವರೇ ಕಂಡುಹಿಡಿಯಲಿ, ಅದರಿಂದ ಅವರಿಗೆ ಲಾಭವೂ ಆಗಲಿ.

ಇನ್ನು ಪ್ರಿಂಟಿನ ಕತೆ. ಚೌಕ ಒಂದು ಇಂಚು, ಅಂದರೆ 25.4 ಮಿ.ಮೀ. ಇರಬೇಕು, ಮಿನಿಯ, ಅಂದರೆ ಪಾತ್ರದ ಪುಟ್ಟ ಗೊಂಬೆಯ, ಬುಡ ಅದರಲ್ಲಿ ಕೂರಲಿ ಎಂದು. ಇಂಥ ಪಿಡಿಎಫ್‌ಗಳ ಪುಟ ಹೆಚ್ಚಾಗಿ ಅಮೆರಿಕದ ಲೆಟರ್ ಅಳತೆಯದ್ದು, ಎಂಟೂವರೆ ಇಂಚು ಅಗಲ. ನಮ್ಮ ಎ4 ಅದಕ್ಕಿಂತ ಉದ್ದ, ಆದರೆ ಚೂರು ಸಪೂರ. ಅಲ್ಲೂ "ಫಿಟ್" ಒತ್ತಿದರೆ ಅಗಲ ಹಿಡಿಸಲು ಇಡೀ ಚಿತ್ರ ಕುಗ್ಗುತ್ತದೆ, ಅಂಚೂ ಸೇರಿ ಚೌಕ 24 ಮಿ.ಮೀ. ಹತ್ತಿರ ಬರುತ್ತದೆ. ಒಂದು ಚೌಕದಲ್ಲಿ ಗೊತ್ತಾಗುವುದಿಲ್ಲ. ಎಂಟು ಚೌಕಕ್ಕೆ ಒಂದು ಸೆಂಟಿಮೀಟರಿಗಿಂತ ಜಾಸ್ತಿ ಹೋಗುತ್ತದೆ, ಎರಡು ಹಾಳೆ ಜೋಡಿಸಿದಾಗ ಗೋಡೆಗೆ ಗೋಡೆ ಸೇರುವುದಿಲ್ಲ. ಅಂಗಡಿಯಲ್ಲಿ "ಆಕ್ಚುವಲ್ ಸೈಜ್, ನೂರು ಪರ್ಸೆಂಟ್" ಎಂದು ಹೇಳಿ. ಒಂದೇ ಹಾಳೆ ತೆಗೆಸಿ, ಹತ್ತು ರೂಪಾಯಿ ನಾಣ್ಯವನ್ನು ಚೌಕದ ಮೇಲೆ ಇಡಿ. ಆ ನಾಣ್ಯ 27 ಮಿ.ಮೀ. ನಾಲ್ಕೂ ಬದಿಗೆ ಕೂದಲೆಳೆಯಷ್ಟು ಹೊರಗೆ ಬಂದರೆ ಅಳತೆ ಸರಿ, ಉಳಿದದ್ದನ್ನು ತೆಗೆಸಿ.

ಫ್ಲೆಕ್ಸ್ ಅಂಗಡಿಯ ಲೆಕ್ಕ ಚದರ ಅಡಿಯದ್ದು. ನಿಮ್ಮ ಗೆಳೆಯನ ಮ್ಯಾಪನ್ನು ಎಣಿಸಿದೆ, 20ಕ್ಕೆ 30 ಚೌಕ. ಅವರು ಅದನ್ನು ಎರಡು ಅಡಿಗೆ ಮೂರು ಅಡಿ ಮಾಡಿಕೊಟ್ಟಿದ್ದಾರೆ. ಹಾಗಾಗಿ ಪ್ರತಿ ಚೌಕ 1.2 ಇಂಚು. ಇದರಿಂದ ಏನೂ ಹಾಳಾಗಿಲ್ಲ. ಆಟದಲ್ಲಿ ಚೌಕ ಎಣಿಸುತ್ತೇವೆ, ಇಂಚು ಅಳೆಯುವುದಿಲ್ಲ. ಮಿನಿ ಆರಾಮವಾಗಿ ನಿಲ್ಲುತ್ತದೆ. ಮಂಜಾಗಿರುವುದಕ್ಕೆ ಕಾರಣ ವಾಟ್ಸಾಪ್. ಫೋಟೋ ಎಂದು ಕಳುಹಿಸಿದರೆ ಅದು ಚಿತ್ರವನ್ನು ಹಿಂಡುತ್ತದೆ. ಅಂಗಡಿಗೆ ಹೋದ ಫೈಲಿನ ಉದ್ದ 1600 ಪಿಕ್ಸೆಲ್. ಅದನ್ನು 36 ಇಂಚಿಗೆ ಎಳೆದರೆ ಇಂಚಿಗೆ 44 ಚುಕ್ಕಿ. ಮೇಜಿನ ಮೇಲಿನ ಮ್ಯಾಪಿಗೆ 150 ಇದ್ದರೆ ಚಂದ. 300 ಬೇಕೇ ಬೇಕು ಎನ್ನುವವರ ಮಾತು ಕೈಯಲ್ಲಿ ಹಿಡಿದು ಓದುವ ಪುಸ್ತಕಕ್ಕೆ ಸರಿ. ಪೆನ್ ಡ್ರೈವ್ ಒಯ್ಯಿರಿ, ಇಲ್ಲದಿದ್ದರೆ ಡಾಕ್ಯುಮೆಂಟ್ ಎಂದು ಆರಿಸಿ ಕಳುಹಿಸಿ.

ಅಂಗಡಿಗೆ ಹೋಗುವ ಮೊದಲು ಪಿಡಿಎಫ್‌ನಲ್ಲಿ ಆಟಗಾರರ ಪ್ರತಿ ಬೇರೆ, ಆಡಿಸುವವರ ಪ್ರತಿ ಬೇರೆ ಉಂಟಾ ನೋಡಿಕೊಳ್ಳಿ. ನಾನು ಒಮ್ಮೆ ಗುಟ್ಟಿನ ಬಾಗಿಲುಗಳನ್ನೆಲ್ಲ ಗುರುತು ಹಾಕಿದ ಪ್ರತಿಯನ್ನೇ ಮೂರು ಅಡಿ ಉದ್ದ ಪ್ರಿಂಟ್ ಹಾಕಿಸಿ ಮೇಜಿನ ಮೇಲೆ ಹಾಸಿದ್ದೇನೆ. ಐದು ಜನ ಒಟ್ಟಿಗೆ ಒಂದೇ ಗೋಡೆಯನ್ನು ತಟ್ಟಲು ಹೊರಟರು.

ಸುರುಳಿ ಸುತ್ತುವುದು ಲ್ಯಾಮಿನೇಶನ್ನಿನ ಗುಣಮಟ್ಟದಿಂದಲ್ಲ. ಒಂದೇ ಬದಿಗೆ ಹಾಕಿಸಿದ್ದೀರಿ. ಆಟಿ ತಿಂಗಳ ಗಾಳಿಯಲ್ಲಿ ಕಾಗದ ನೀರು ಕುಡಿದು ಹಿಗ್ಗುತ್ತದೆ, ಪ್ಲಾಸ್ಟಿಕ್ ಹಿಗ್ಗುವುದಿಲ್ಲ. ಹಿಗ್ಗಿದ ಬದಿ ಹಿಗ್ಗದ ಬದಿಯನ್ನು ಒಳಕ್ಕೆ ಬಗ್ಗಿಸುತ್ತದೆ. ಮೂರನೇ ಫೋಟೋದಲ್ಲಿ ಅಂಚುಗಳು ಚಿತ್ರದ ಕಡೆಗೇ ಎದ್ದಿವೆ, ನೋಡಿ. ಎರಡೂ ಬದಿಗೆ ಹಾಕಿಸಿ, ಸುತ್ತ ಮೂರು ನಾಲ್ಕು ಮಿ.ಮೀ. ಬರೀ ಪ್ಲಾಸ್ಟಿಕ್ ಅಂಚು ಬಿಡಿಸಿ. ಆ ಅಂಚನ್ನು ಚಂದಕ್ಕೆ ಕತ್ತರಿಸಿದರೆ ನೀರು ಅಲ್ಲಿಂದಲೇ ನುಗ್ಗುತ್ತದೆ, ಮರುವರ್ಷ ಕಪ್ಪು ಬೂಸ್ಟು. ಹೊಳೆಯುವುದು ಬೇಡ, ಮ್ಯಾಟ್ ತೆಗೆದುಕೊಳ್ಳಿ. ಚಾವಡಿಯ ಟ್ಯೂಬ್‌ಲೈಟ್ ಹೊಳೆಯುವ ಮ್ಯಾಪಿನಲ್ಲಿ ಬೆಳ್ಳಿಯ ಹೊಳೆಯ ಹಾಗೆ ಕಾಣುತ್ತದೆ, ನಿಮಗೆ ಈಗಾಗಲೇ ಒಂದು ಹೊಳೆಯ ತಾಪತ್ರಯ ಸಾಕು.

ಎಲ್ಲ ಬ್ಯಾಟಲ್ ಮ್ಯಾಪಿಗೂ ಪ್ರಿಂಟ್ ಬೇಡ ಅನಿಸಿದರೆ ಟಿವಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸುವವರಿದ್ದಾರೆ. 43 ಇಂಚಿನ ಟಿವಿಯಲ್ಲಿ 37ಕ್ಕೆ 21 ಚೌಕ ಹಿಡಿಯುತ್ತದೆ. ನೋಡದ ಕೋಣೆಗಳನ್ನು ಕತ್ತಲೆ ಮಾಡಿಡಬಹುದು, ಅದು ಕಾಗದದಲ್ಲಿ ಆಗದ ಕೆಲಸ. ಆದರೆ ಟಿವಿ ಹಿಂದಿನ ಗಾಳಿ ಕಿಂಡಿ ಮುಚ್ಚಬಾರದು, ನಾಲ್ಕು ಮೂಲೆಗೆ ಮರದ ತುಂಡು ಕೊಡಿ. ಪರದೆಯ ಮೇಲೆ ಮೊಣಕೈ ಊರುವ ಗೆಳೆಯ ಪ್ರತಿ ಗುಂಪಿನಲ್ಲೂ ಒಬ್ಬ ಇರುತ್ತಾನೆ. ಚಹಾ ಬೇರೆ ಮೇಜಿನಲ್ಲಿ ಇಡಿ.

ಪ್ರಕಾಶಕರ ಮುದ್ರಿತ ಪೆಟ್ಟಿಗೆ ಕೊಳ್ಳಬೇಕಾ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಈ ಮಳೆಯಲ್ಲಿ ಬೇಡ. ಕಡಲಾಚೆಯಿಂದ ಬರುವ ರಟ್ಟಿನ ಪೆಟ್ಟಿಗೆ ಗೇಟಿನಲ್ಲಿ ಅರ್ಧ ಗಂಟೆ ನೆನೆದರೆ ಮುಗಿಯಿತು. ನಿಮ್ಮ ಪಿಡಿಎಫ್‌ನ ಮೊದಲ ಪುಟಗಳಲ್ಲಿ ಸ್ವಂತ ಬಳಕೆಗೆ ಪ್ರಿಂಟ್ ಮಾಡಬಹುದು ಎಂಬ ಸಾಲು ಇದ್ದರೆ ಅದನ್ನು ಅಂಗಡಿಯಲ್ಲಿ ತೋರಿಸಿ, ಕೆಲವರು ಕೇಳುತ್ತಾರೆ. ಪಿಡಿಎಫನ್ನು ಗುಂಪುಗಳಲ್ಲಿ ಹಂಚುವುದು ಮಾತ್ರ ಬೇಡ.

ಪೋಸ್ಟರನ್ನು ಪೂರ್ತಿ ಅಳತೆಯಲ್ಲಿ ಮತ್ತೆ ತೆಗೆಸುವುದಾದರೆ ಎ1 ಸಾಲದು, ಅದರ ಉದ್ದ 33 ಇಂಚು. ಎ0 ಬೇಕು, ಇಲ್ಲವೇ ರೋಲ್ ಪ್ರಿಂಟ್. ಆದರೆ ನಿಮ್ಮ ಎ2 ಪ್ರತಿಯನ್ನು ಎಸೆಯಬೇಡಿ, ಮೇಜಿಗೆ ಅದೇ ಅನುಕೂಲ. ಒಂದು ಪರ್ಮನೆಂಟ್ ಮಾರ್ಕರ್ ತೆಗೆದುಕೊಂಡು ಮೂಲೆಯ 20ನ್ನು ಹೊಡೆದುಹಾಕಿ 32 ಎಂದು ಬರೆಯಿರಿ. ಏಳೂವರೆ ಇಂಚಿಗೆ 240 ಮೈಲಿ, ದಿನಕ್ಕೆ 24ರಂತೆ ಹತ್ತು ದಿನ. ಲೆಕ್ಕ ಮಾಡುವ ಕೆಲಸವನ್ನು ಮೊದಲಿಂದ ಶುರು ಮಾಡುವ ಎಂದ ಗೆಳೆಯನಿಗೇ ಕೊಡಿ.